ಹುಷಾರು

ಬಿ.ಇ. ಸೇರೋಕೆ ಬೆಂಗಳೂರಿನ ಬಸ್ಸು ಹತ್ತಿದ ದಿನ ಅವ್ವ ಕಿಟಕಿ ಹತ್ರ ಬಂದು ಹೇಳಿದ್ದು ಒಂದೇ ಮಾತು: "ಹುಷಾರು ಕಣಪ್ಪ." ಆ ಬಸ್ಸು ಹತ್ತೋ ಹಾಗಾಗಿದ್ದೂ ನಮ್ಮ ಮೇಷ್ಟ್ರು "ಹುಡುಗ ಹುಷಾರಿದಾನೆ, ಓದಿಸಿ" ಅಂದಿದ್ದಕ್ಕೆ. ಈಗ ಬಿಟಿಎಂ ಲೇಔಟಿನಲ್ಲಿ ಜ್ವರ ಬಂದು ಮಲಗಿದ್ರೆ ಆಫೀಸಿಗೆ ಹೇಳೋದು "ಹುಷಾರಿಲ್ಲ" ಅಂತ. ಎಚ್ಚರಿಕೆ, ಜಾಣತನ, ಆರೋಗ್ಯ, ಮೂರಕ್ಕೂ ಒಂದೇ ಪದ!

ಪದ ಹುಟ್ಟಿದ್ದು ಪಾರಸಿಯಲ್ಲಿ. 'ಹೋಶ್' ಅಂದ್ರೆ ಪ್ರಜ್ಞೆ, ಅರಿವು. ಅದು ಇರೋನು 'ಹೋಶಿಯಾರ್'. ಇಂಥ ಮಾತುಗಳು ಇಲ್ಲಿಗೆ ಬಂದ ದಾರಿ ಬೆಂಗಳೂರಿನ ಚರಿತ್ರೆಯ ದಾರಿಯೂ ಹೌದು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಕೆಂಪೇಗೌಡರ ವಂಶದವರಿಂದ ಊರನ್ನ ಗೆದ್ದ. ಅದು ಶಹಾಜಿ ಭೋಸಲೆಗೆ ಜಹಗೀರಾಯ್ತು. 1687ರಲ್ಲಿ ಮೊಗಲರು ಹಿಡಿದು, ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಕೊಟ್ಟರು. ಆಮೇಲೆ ಹೈದರಾಲಿ. ಜಯನಗರದ ಮಗ್ಗುಲಲ್ಲಿರೋ ಲಾಲ್‌ಬಾಗನ್ನ 1760ರಲ್ಲಿ ಶುರು ಮಾಡಿದ್ದು ಅವನೇ. ಆ 'ಬಾಗ್' ಕೂಡ ಪಾರಸಿ ಮಾತು. ದಂಡು, ದರ್ಬಾರುಗಳ ಜೊತೆ ಸಿಪಾಯಿ, ಜಮೀನು, ಅರ್ಜಿ ಎಲ್ಲಾ ಕನ್ನಡಕ್ಕೆ ಬಂದವು. ಹುಷಾರು ಅದೇ ಗುಂಪಿನದು.

ಹಾಗಂತ ಎಚ್ಚರಿಕೆಗೆ ನಮ್ಮಲ್ಲಿ ಪದ ಇರಲಿಲ್ಲವಾ? ಇತ್ತು. ಕನ್ನಡದ 'ಎಚ್ಚರ' ಅಂದ್ರೆ ನಿದ್ದೆಯಿಂದ ಎದ್ದಿರೋದು. ಸಂಸ್ಕೃತದಿಂದ ಬಂದ 'ಜಾಗ್ರತೆ'ಯ ಮೂಲವೂ ಎದ್ದಿರೋದೇ. ಹುಷಾರೂ ಅದೇ ಜಾತಿ, ಅದಕ್ಕೇ ಸಲೀಸಾಗಿ ಹೊಂದಿಕೊಂಡಿತು. ಅಷ್ಟಕ್ಕೇ ನಿಲ್ಲದೆ ನಮ್ಮ ಬಾಯಲ್ಲಿ ಮೈಗೂ ಇಳೀತು.

ಎಲ್ಲಾ ಕಡೆ ಹೀಗಿಲ್ಲ. ಮರಾಠಿಯಲ್ಲಿ ಹುಶಾರ್ ಅಂದ್ರೆ ಬುದ್ಧಿವಂತ, ತಮಿಳಿನ ಉಷಾರ್ ಅಂದ್ರೆ ಎಚ್ಚರ, ತೆಲುಗಿನ ಹುಷಾರು ಅಂದ್ರೆ ಉತ್ಸಾಹ. ಪೀಜಿಯಲ್ಲಿದ್ದಾಗ ನಾನು ಹುಷಾರಿಲ್ಲ ಅಂದ್ರೆ ಗುಂಟೂರಿನ ರೂಂಮೇಟು ಬೇಜಾರಾಗಿದೆ ಅಂದ್ಕೊಂಡು "ಪಿಕ್ಚರ್‌ಗೆ ಹೋಗೋಣ ಬಾ" ಅಂದಿದ್ದ. ಮೈ ಮುಟ್ಟಿ ನೋಡಿದ ಮೇಲೆ ಮಾತ್ರೆ ತಂದುಕೊಟ್ಟ.

ಅವ್ವ ದಿನಾ ಫೋನಿಡೋವಾಗ ಹೇಳೋದು: "ನಾನು ಹುಷಾರಾಗಿದೀನಿ, ನೀನು ಹುಷಾರು." ಮೊದಲನೇದು ಆರೋಗ್ಯ, ಎರಡನೇದು ಎಚ್ಚರಿಕೆ. ಹೋದ ವರ್ಷ ಹೀಗೇ ಹೇಳ್ತಿದ್ದ ವಾರದಲ್ಲಿ ಮೂರು ದಿನ ಅವಳು ತಾಲ್ಲೂಕಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳಂತೆ. ಚಿಕ್ಕಪ್ಪನ ಮಗ ಆಮೇಲೆ ಹೇಳಿದ. ಹುಷಾರ್ ಹುಡುಗ ಅನ್ನಿಸಿಕೊಂಡ ನನಗೆ ಅವಳ ದನಿಯಲ್ಲಿ ಏನೂ ಗೊತ್ತಾಗಿರಲಿಲ್ಲ.

ಈಗ "ಹುಷಾರಾ?" ಅಂತ ಕೇಳಲ್ಲ. "ಊಟಕ್ಕೇನವ್ವ?" ಅಂತೀನಿ. ಮುದ್ದೆ ಅಂದ್ರೆ ಸಮಾಧಾನ. ಗಂಜಿ ಅಂದ್ರೆ ಅವತ್ತೇ ರಾತ್ರಿ ಊರಿನ ಬಸ್ಸು.