ಮೊಡವೆ, ಚಾಕೊಲೇಟ್ ಮತ್ತು ಜೈಲಿನ 35 ಯುವಕರು

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಇಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ಅಂಥ ಊರಿನಲ್ಲಿ ಹತ್ತನೇ ಕ್ಲಾಸ್ ಓದುವ ನನ್ನ ಅಕ್ಕನ ಮಗಳಿಗೆ ಒಂದು ವರ್ಷದಿಂದ ಶೇಂಗಾ ಬಂದ್. ಕಾರಣ, ಮುಖದ ತುಂಬ ಮೊಡವೆ. "ಶೇಂಗಾ ಉಷ್ಣ, ಎಣ್ಣೆ ಪದಾರ್ಥ, ತಿಂದ್ರೆ ಇನ್ನೂ ಜಾಸ್ತಿ ಆಗ್ತಾವೆ" ಅಂತ ನಮ್ಮಮ್ಮನ ತೀರ್ಪು. ಆಮೇಲೆ ಮೊಟ್ಟೆಯೂ ನಿಂತಿತು. ಚಹಾ ಜೊತೆಗಿನ ಬೇಕರಿ ಬನ್ನು, ಪೆಟ್ಟಿಗೆ ಅಂಗಡಿಯ ಜ್ಯೂಸ್ ಬಾಟಲಿ ಮಾತ್ರ ಯಾರೂ ನಿಲ್ಲಿಸಲಿಲ್ಲ. ಮೊನ್ನೆ ರಕ್ತ ಪರೀಕ್ಷೆ ಮಾಡಿಸಿದಾಗ ಹುಡುಗಿಗೆ ರಕ್ತ ಕಡಿಮೆ ಇದೆ ಅಂದರು. ಮೊಡವೆಗೂ ಊಟಕ್ಕೂ ನಿಜಕ್ಕೂ ನಂಟಿದೆಯಾ, ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ ಅಂತ ನಾನು ಓದಲು ಶುರು ಮಾಡಿದ್ದು ಆಗ. ಓದುತ್ತಾ ಹೋದರೆ ದಾರಿ ಅಮೆರಿಕದ ಜೈಲಿಗೆ ಕರೆದುಕೊಂಡು ಹೋಯಿತು.

ಮೊಡವೆ ಹೊಸ ಕಾಯಿಲೆಯಲ್ಲ. ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಮುಖದೂಷಿಕಾ ಎಂಬ ಹೆಸರಿದೆ. ಹರೆಯದವರ ಮುಖದ ಮೇಲೆ ಬೂರುಗದ ಮರದ ಮುಳ್ಳಿನಂತೆ ಏಳುವ ಗುಳ್ಳೆ ಎಂದು ಅಲ್ಲಿ ವರ್ಣಿಸಿದ್ದಾರೆ. ಬೂರುಗದ ಕಾಂಡ ಹತ್ತಿರದಿಂದ ನೋಡಿದವರಿಗೆ ಹೋಲಿಕೆ ತಟ್ಟನೆ ಹೊಳೆಯುತ್ತದೆ. ಕಫ, ವಾತ, ರಕ್ತ ಕೆಡುವುದೇ ಕಾರಣ ಎಂಬುದು ಆ ಕಾಲದ ವಿವರಣೆ. 20ನೇ ಶತಮಾನದ ಮೊದಲರ್ಧದ ಅಮೆರಿಕದ ವೈದ್ಯರೂ ನಮ್ಮಮ್ಮನಿಗಿಂತ ಬೇರೆ ಮಾತೇನೂ ಹೇಳುತ್ತಿರಲಿಲ್ಲ. ಸಿಹಿ ಬೇಡ, ಕೊಬ್ಬು ಬೇಡ, ಮುಖ್ಯವಾಗಿ ಚಾಕೊಲೇಟ್ ಬೇಡ.

1969ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು ಫುಲ್ಟನ್, ಪ್ಲೆವಿಗ್ ಮತ್ತು ಕ್ಲಿಗ್‌ಮನ್. ಮೊಡವೆ ಇದ್ದ 65 ಜನರಿಗೆ ನಾಲ್ಕು ವಾರ ದಿನಕ್ಕೊಂದು ಚಾಕೊಲೇಟ್ ಕೊಟ್ಟರು. ಮಾಮೂಲಿ ಚಾಕೊಲೇಟಿಗಿಂತ ಹತ್ತು ಪಟ್ಟು ಗಟ್ಟಿ. ಇನ್ನೊಂದು ನಾಲ್ಕು ವಾರ, ನೋಡಲು ಹಾಗೇ ಇರುವ, ಆದರೆ ಚಾಕೊಲೇಟ್ ಇಲ್ಲದ ಮಿಠಾಯಿ ಕೊಟ್ಟರು. ಗುಳ್ಳೆ ಎಣಿಸಿದರು. ವ್ಯತ್ಯಾಸ ಕಾಣಲಿಲ್ಲ. ಚಾಕೊಲೇಟ್ ನಿರಪರಾಧಿ ಎಂದು ತೀರ್ಮಾನವಾಯಿತು.

ಇಲ್ಲಿ ಎರಡು ವಿಷಯ ಗಮನಿಸಿ. ಆ ಉತ್ತುತ್ತು ಮಿಠಾಯಿಯಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ಪರೀಕ್ಷೆಯಾದದ್ದು ಕೋಕೋ ಮಾತ್ರ, ಸಕ್ಕರೆಯಲ್ಲ. ಬೆಲ್ಲದ ಚಹಾ ಕುಡಿದವರನ್ನೂ ಸಕ್ಕರೆ ಹಾಲು ಕುಡಿದವರನ್ನೂ ಹೋಲಿಸಿ, ಸಿಹಿಯಿಂದ ಏನೂ ಆಗುವುದಿಲ್ಲ ಅಂದ ಹಾಗೆ. ಎರಡನೆಯದು, ಈ ಸಂಶೋಧನೆಗೆ ಹಣ ಕೊಟ್ಟದ್ದು ಅಮೆರಿಕದ ಚಾಕೊಲೇಟ್ ತಯಾರಕರ ಸಂಘ.

ಇನ್ನು ಆ 65 ಜನ ಯಾರು? 30 ಮಂದಿ ಮೊಡವೆ ಚಿಕಿತ್ಸೆಗೆ ಬರುತ್ತಿದ್ದ ಹುಡುಗ ಹುಡುಗಿಯರು. ಉಳಿದ 35 ಮಂದಿ ಜೈಲಿನಲ್ಲಿದ್ದ ಯುವಕರು. ಮೂವರು ಲೇಖಕರಲ್ಲಿ ಹಿರಿಯರಾದ ಆಲ್ಬರ್ಟ್ ಕ್ಲಿಗ್‌ಮನ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮರೋಗ ವೈದ್ಯ. 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ ಇವರು ಕೈದಿಗಳ ಚರ್ಮದ ಮೇಲೆ ಮುಲಾಮು, ಔಷಧ, ರಾಸಾಯನಿಕ ಎಲ್ಲ ಪ್ರಯೋಗಿಸಿದರು. ಡೌ ಕೆಮಿಕಲ್ ಕಂಪನಿಗಾಗಿ ಡಯಾಕ್ಸಿನ್ ಎಂಬ ವಿಷವನ್ನೂ ಹಚ್ಚಿದರು. ಆ ಜೈಲಿನಲ್ಲಿದ್ದವರು ಹೆಚ್ಚಿನವರು ಕಪ್ಪು ಜನ. ಎಷ್ಟೋ ಮಂದಿಗೆ ಶಿಕ್ಷೆಯೇ ಆಗಿರಲಿಲ್ಲ. ಜಾಮೀನಿಗೆ ದುಡ್ಡಿಲ್ಲದೆ ವಿಚಾರಣೆಗೆ ಕಾಯುತ್ತಿದ್ದವರು. ಕೆಲವು ಡಾಲರ್ ಆಸೆಗೆ ಮೈ ಒಡ್ಡಿದರು. ಇಂದು ಮೊಡವೆಗೆ ವೈದ್ಯರು ಬರೆಯುವ ಟ್ರೆಟಿನಾಯಿನ್ ಮುಲಾಮು ಕೂಡ ಕ್ಲಿಗ್‌ಮನ್ ಅವರದೇ ಕೊಡುಗೆ. ಫಿಲಡೆಲ್ಫಿಯಾ ನಗರಾಡಳಿತ ಕೈದಿಗಳ ಕ್ಷಮೆ ಕೇಳಿದ್ದು 2022ರಲ್ಲಿ. ಅಷ್ಟು ಹೊತ್ತಿಗೆ ಕ್ಲಿಗ್‌ಮನ್ ತೀರಿಕೊಂಡು 12 ವರ್ಷವಾಗಿತ್ತು.

1971ರಲ್ಲಿ ಇನ್ನೊಂದು ಚಿಕ್ಕ ಪರೀಕ್ಷೆ ನಡೆಯಿತು, ಅದೂ ಇದನ್ನೇ ಹೇಳಿತು. ಅಲ್ಲಿಗೆ ಬಾಗಿಲು ಮುಚ್ಚಿತು. ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಎಂದು ಮೂವತ್ತು ವರ್ಷ ವೈದ್ಯ ವಿದ್ಯಾರ್ಥಿಗಳು ಓದಿದರು. ಕೋಕೋ ಬಗ್ಗೆ ಬಂದ ಉತ್ತರವನ್ನು ಇಡೀ ಊಟಕ್ಕೆ ಹಚ್ಚಿಬಿಟ್ಟರು.

ಬಾಗಿಲು ಮತ್ತೆ ತೆರೆದದ್ದು ಒಂದು ದ್ವೀಪದಿಂದ. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ ಸ್ವೀಡನ್ನಿನ ವೈದ್ಯ ಸ್ಟಾಫನ್ ಲಿಂಡೆಬರ್ಗ್ ಸುಮಾರು 1,200 ಜನರನ್ನು ನೋಡಿದ್ದರು. ಅದರಲ್ಲಿ 15ರಿಂದ 25 ವಯಸ್ಸಿನವರೇ 300. ಒಬ್ಬರ ಮುಖದಲ್ಲೂ ಮೊಡವೆ ಇಲ್ಲ. ಪರಾಗ್ವೆ ದೇಶದ ಆಚೆ ಎಂಬ ಬುಡಕಟ್ಟಿನಲ್ಲೂ ಇಲ್ಲ. 2002ರಲ್ಲಿ ಲೊರೆನ್ ಕೋರ್ಡೈನ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದಾಗ ದೊಡ್ಡ ಚರ್ಚೆಯಾಯಿತು. ಕಿಟಾವಾದವರ ಊಟ ಗೆಣಸು, ಕೆಸುವಿನ ಗಡ್ಡೆ, ಹಣ್ಣು, ಮೀನು, ಜೊತೆಗೆ ಧಾರಾಳ ತೆಂಗಿನಕಾಯಿ. ಕೊಬ್ಬು ತಿಂದರೇ ಮೊಡವೆ ಅನ್ನುವುದಾದರೆ ಆ ದ್ವೀಪದವರ ಮುಖ ಹಾಗಿರುತ್ತಿರಲಿಲ್ಲ. ಅವರ ರಕ್ತದಲ್ಲೇ ಬಂದ ಗುಣ ಇರಬಹುದಲ್ಲ ಅಂತ ಕೆಲವರು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ.

ಹಾಗಾಗಿ ಪರೀಕ್ಷೆ ಬೇಕಾಯಿತು. 2007ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರಾಬಿನ್ ಸ್ಮಿತ್ ತಂಡ 15ರಿಂದ 25 ವಯಸ್ಸಿನ 43 ಹುಡುಗರನ್ನು 12 ವಾರ ಗಮನಿಸಿತು. ರಕ್ತದಲ್ಲಿ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಊಟ ಮಾಡಿದವರಲ್ಲಿ ಸರಾಸರಿ 23.5 ಗುಳ್ಳೆ ಕಡಿಮೆಯಾದವು, ಉಳಿದವರಲ್ಲಿ 12. ಆದರೆ ಆ ಊಟ ಮಾಡಿದವರ ತೂಕವೂ ಇಳಿಯಿತು, ಹಾಗಾಗಿ ಯಾವುದರ ಫಲ ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಹುಡುಗಿಯರಂತೂ ಒಬ್ಬರೂ ಇರಲಿಲ್ಲ.

ಒಳಗೆ ಆಗುವುದು ಹೀಗೆ. ಮೈದಾ, ಸಕ್ಕರೆಯಂಥವು ರಕ್ತದ ಸಕ್ಕರೆಯನ್ನು ದಿಢೀರ್ ಏರಿಸುತ್ತವೆ. ಅದನ್ನು ಇಳಿಸಲು ಇನ್ಸುಲಿನ್ ಹೆಚ್ಚುತ್ತದೆ. ಅದು ಹರೆಯದ ಹಾರ್ಮೋನುಗಳ ಜೊತೆ ಸೇರಿ ಚರ್ಮದ ಎಣ್ಣೆ ಗ್ರಂಥಿಗಳನ್ನು ಕೆರಳಿಸುತ್ತದೆ. ಎಣ್ಣೆ ಹೆಚ್ಚಾಗಿ ಕೂದಲ ರಂಧ್ರ ಕಟ್ಟಿಕೊಳ್ಳುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಬೆಳೆದು ಊತ ಬರುತ್ತದೆ. ಮುಖದ ಜಿಡ್ಡು ನಾವು ತಿಂದ ಎಣ್ಣೆಯೇ ಹೊರಗೆ ಬಂದದ್ದಲ್ಲ.

ಹಾಲಿನ ಮೇಲೂ ಅನುಮಾನವಿದೆ. 2005ರಲ್ಲಿ ಅಮೆರಿಕದ 47,355 ನರ್ಸ್‌ಗಳ ಮಾಹಿತಿ ನೋಡಿದಾಗ, ಹೈಸ್ಕೂಲಿನಲ್ಲಿ ಹೆಚ್ಚು ಹಾಲು ಕುಡಿದವರಲ್ಲಿ ಮೊಡವೆ ಹೆಚ್ಚಿತ್ತು. ಆದರೆ ಹೈಸ್ಕೂಲಿನ ಊಟವನ್ನು ಅವರು ಎಷ್ಟೋ ವರ್ಷದ ಮೇಲೆ ನೆನಪಿನಿಂದ ಹೇಳಿದ್ದರು. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2016ರಲ್ಲಿ ಸಕ್ಕರೆ ಬೇಗ ಏರಿಸುವ ಊಟಕ್ಕೂ ಮೊಡವೆಗೂ ನಂಟಿರಬಹುದು ಎಂದು ಒಪ್ಪಿತು, ಹಾಲಿನ ಸಾಕ್ಷ್ಯ ಇನ್ನೂ ಸಾಲದು ಎಂದಿತು, ಇಂಥದ್ದೇ ಪಥ್ಯ ಮಾಡಿ ಎಂದು ಹೇಳಲಿಲ್ಲ. ನಾನಾದರೂ ಇದನ್ನು ಓದಿ ಬೆಳೆಯುವ ಮಕ್ಕಳ ಹಾಲು ನಿಲ್ಲಿಸುವುದಿಲ್ಲ.

ಶೇಂಗಾದ ವಿಷಯಕ್ಕೆ ಬಂದರೆ, ಯಾವ ಆಹಾರ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬ ಮೊದಲ ಪಟ್ಟಿಯನ್ನು ಡೇವಿಡ್ ಜೆಂಕಿನ್ಸ್ ತಂಡ 1981ರಲ್ಲಿ ಕೆನಡಾದ ಟೊರಾಂಟೊದಿಂದ ಪ್ರಕಟಿಸಿತು. ಅದರಲ್ಲಿ ಶೇಂಗಾ ಇರುವುದು ತೀರಾ ಕೆಳಗೆ. ಬಿಳಿ ಬ್ರೆಡ್ಡು ಅದಕ್ಕಿಂತ ಎಷ್ಟೋ ಮೇಲೆ.

ಕಳೆದ ಭಾನುವಾರ ಇದನ್ನೆಲ್ಲ ನಮ್ಮಮ್ಮನ ಮುಂದೆ ಹೇಳಿದೆ. ಜೈಲಿನ ಕಥೆಗೆ "ಪಾಪ, ಆ ಹುಡುಗರದೂ ಮೈ ಅಲ್ವೇನೋ" ಅಂದರು. ಮೊಟ್ಟೆಗೆ ಒಪ್ಪಿದರು. ಬನ್ನು ನಿಲ್ಲಿಸೋಣ ಅಂದರು. ಶೇಂಗಾದ ವಿಷಯದಲ್ಲಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಿನ್ನಲಿ ಬಿಡು, ಆದ್ರೆ ಹುರಿದದ್ದು ಬೇಡ, ಬೇಯಿಸಿ ಕೊಡ್ತೀನಿ" ಅಂತ ಎದ್ದು ಹೋದರು.