ಶ್ರೀಹರಿಕೋಟೆಯ ಉಪಗ್ರಹಗಳು: ಕಕ್ಷೆಗಳ ದೃಷ್ಟಿಯಿಂದ ಒಂದು ಚಾರಿತ್ರಿಕ ವಿವೇಚನೆ

೧

ಉಡ್ಡಯನ ಕೇಂದ್ರವೊಂದರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅಲ್ಲಿಂದ ಮೇಲೇರಿದ ವಾಹನಗಳ ಅನುಕ್ರಮವನ್ನೇ ಕಾಲವಿಭಾಗಕ್ಕೆ ಆಧಾರವಾಗಿ ಇಟ್ಟುಕೊಳ್ಳುವುದು ವಾಡಿಕೆ. ಶ್ರೀಹರಿಕೋಟೆಯ ವಿಷಯದಲ್ಲಿಯೂ ಎಸ್‌ಎಲ್‌ವಿ, ಎಎಸ್‌ಎಲ್‌ವಿ, ಪಿಎಸ್‌ಎಲ್‌ವಿ, ಜಿಎಸ್‌ಎಲ್‌ವಿ ಎಂಬ ನಾಲ್ಕು ಮೆಟ್ಟಿಲುಗಳ ವಿಂಗಡಣೆ ರೂಢಿಗೆ ಬಂದಿದೆ. ಈ ವಿಂಗಡಣೆಯಿಂದ ಯಂತ್ರಶಾಸ್ತ್ರಜ್ಞರಿಗೆ ಅನುಕೂಲವುಂಟು. ಆದರೆ ಉಪಗ್ರಹಗಳನ್ನು ಏತಕ್ಕಾಗಿ ಹಾರಿಸಲಾಯಿತು, ಆಯಾ ಎತ್ತರದಲ್ಲಿ ಆಯಾ ದಿಕ್ಕಿನಲ್ಲಿಯೇ ಅವುಗಳನ್ನು ಏಕೆ ನಿಲ್ಲಿಸಲಾಯಿತು ಎಂದು ಕೇಳುವ ಜಿಜ್ಞಾಸುವಿಗೆ ಇದರಿಂದ ಸಮಾಧಾನ ದೊರೆಯದು. ಧ್ರುವೀಯ ಕಕ್ಷೆಗೆಂದೇ ರಚಿತವಾದ ಪಿಎಸ್‌ಎಲ್‌ವಿಯು ೨೦೦೨ರ ಸೆಪ್ಟೆಂಬರ್ ೧೨ರಂದು ಹವಾಮಾನದ ಉಪಗ್ರಹವೊಂದನ್ನು ಭೂಸ್ಥಿರ ಕಕ್ಷೆಯ ದಾರಿಗೆ ಹಚ್ಚಿತು. ಭೂಸ್ಥಿರ ಕಕ್ಷೆಯನ್ನು ಗುರಿಯಾಗಿಟ್ಟುಕೊಂಡು ಹುಟ್ಟಿದ ಜಿಎಸ್‌ಎಲ್‌ವಿಯು ೨೦೨೫ರ ಜುಲೈ ೩೦ರಂದು ನೈಸಾರ್ ಉಪಗ್ರಹವನ್ನು ಧ್ರುವಗಳ ಸಮೀಪದಲ್ಲಿ ಹಾಯುವ ಕಕ್ಷೆಗೆ ಏರಿಸಿತು. ವಾಹನವು ಸಾಧನ, ಕಕ್ಷೆಯು ಸಾಧ್ಯ. ಆದುದರಿಂದ ಶ್ರೀಹರಿಕೋಟೆಯ ಚರಿತ್ರೆಯನ್ನು ಅಲ್ಲಿಂದ ಕ್ರಮಕ್ರಮವಾಗಿ ಕೈಗೆಟುಕಿದ ಕಕ್ಷೆಗಳ ಚರಿತ್ರೆಯಾಗಿ ಓದುವುದು ಹೆಚ್ಚು ಯುಕ್ತವೆಂಬುದೂ, ಆ ಚರಿತ್ರೆಯು ಸ್ಥಳದ ನಿರ್ಬಂಧಕ್ಕೂ ಉದ್ದೇಶದ ಬೇಡಿಕೆಗೂ ನಡೆದ ಸುದೀರ್ಘ ಹೊಂದಾಣಿಕೆಯೆಂಬುದೂ ಈ ಲೇಖನದ ಪ್ರತಿಪಾದನೆ.

೨

ಬಂಗಾಳ ಕೊಲ್ಲಿಗೂ ಪುಲಿಕಾಟ್ ಸರೋವರಕ್ಕೂ ನಡುವೆ ಚಾಚಿಕೊಂಡಿರುವ ಶ್ರೀಹರಿಕೋಟೆ ದ್ವೀಪವು ಆಂಧ್ರಪ್ರದೇಶದ ದಕ್ಷಿಣದ ಅಂಚಿನಲ್ಲಿ, ಚೆನ್ನೈ ನಗರಕ್ಕೆ ಉತ್ತರದಲ್ಲಿ, ೧೩.೭ ಡಿಗ್ರಿ ಉತ್ತರ ಅಕ್ಷಾಂಶದ ಮೇಲಿದೆ. ವಿಕ್ರಮ್ ಸಾರಾಭಾಯಿಯವರ ನೇತೃತ್ವದ ಕಾಲದಲ್ಲಿ, ೧೯೬೯ರಲ್ಲಿ, ಈ ಸ್ಥಳವನ್ನು ಆರಿಸಲಾಯಿತು. ೧೯೬೩ರ ನವೆಂಬರ್ ೨೧ರಂದು ಮೊದಲ ಶೋಧಕ ರಾಕೆಟ್ಟು ಹಾರಿದ ಕೇರಳದ ತುಂಬಾ ಕೇಂದ್ರವು ಆ ವೇಳೆಗೆ ಕಾರ್ಯನಿರತವಾಗಿಯೇ ಇತ್ತು. ಆದರೆ ಅದು ಪಶ್ಚಿಮ ಕರಾವಳಿಯಲ್ಲಿದ್ದುದರಿಂದ ಅಲ್ಲಿಂದ ಪೂರ್ವಕ್ಕೆ ಹಾರುವ ವಾಹನವು ಜನವಸತಿಯ ನೆಲದ ಮೇಲೆ ಸಾಗಬೇಕಾಗುತ್ತಿತ್ತು. ಉಪಗ್ರಹವನ್ನು ಕಕ್ಷೆಗೆ ಸೇರಿಸುವವರಿಗೆ ಪೂರ್ವದಿಕ್ಕೇ ಇಷ್ಟವಾದುದು. ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ಆವರ್ತಿಸುತ್ತಿರುವುದರಿಂದ ಶ್ರೀಹರಿಕೋಟೆಯ ನೆಲವು ಸೆಕೆಂಡಿಗೆ ಸುಮಾರು ೪೫೦ ಮೀಟರ್ ವೇಗದಲ್ಲಿ ತಾನಾಗಿಯೇ ಪೂರ್ವಕ್ಕೆ ಚಲಿಸುತ್ತಿದೆ. ಪೂರ್ವಾಭಿಮುಖವಾಗಿ ಹಾರುವ ವಾಹನಕ್ಕೆ ಈ ವೇಗವು ನಿಸರ್ಗದತ್ತವಾದ ಮುಂಗಡ. ಅದರ ಜೊತೆಗೆ, ಉರಿದು ಕಳಚಿಬೀಳುವ ಹಂತಗಳನ್ನು ಸ್ವೀಕರಿಸಲು ಪೂರ್ವದಲ್ಲಿ ನಿರ್ಜನ ಸಮುದ್ರವಿದೆ. ದ್ವೀಪದ ಮೂಲನಿವಾಸಿಗಳಾದ ಯಾನಾದಿ ಜನರು ಈ ಕೇಂದ್ರಕ್ಕಾಗಿ ತಮ್ಮ ನೆಲೆಯನ್ನು ಬಿಟ್ಟುಕೊಡಬೇಕಾಯಿತೆಂಬುದನ್ನು ಚರಿತ್ರಕಾರನು ಮರೆಯಲಾಗದು. ೧೯೭೧ರ ಅಕ್ಟೋಬರ್ ೯ರಂದು ರೋಹಿಣಿ-೧೨೫ ಎಂಬ ಪುಟ್ಟ ಶೋಧಕ ರಾಕೆಟ್ಟಿನೊಡನೆ ಕೇಂದ್ರದ ಕೆಲಸ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದುಕೊಂಡೇ ಇಸ್ರೋದ ಹೊಣೆಯನ್ನೂ ಹೊತ್ತಿದ್ದ ಸತೀಶ್ ಧವನ್ ಅವರ ಹೆಸರನ್ನು ೨೦೦೨ರಲ್ಲಿ ಅದಕ್ಕೆ ಇಡಲಾಯಿತು.

ಸ್ಥಳದ ಗುಣವನ್ನು ಹೇಳಿದಂತೆ ಅದರ ಮಿತಿಯನ್ನೂ ಹೇಳಬೇಕು. ಉಪಗ್ರಹದ ಕಕ್ಷಾತಲವು ಭೂಕೇಂದ್ರವನ್ನು ಹಾದುಹೋಗಲೇಬೇಕಾದುದರಿಂದ, ಒಂದು ಸ್ಥಳದಿಂದ ನೇರವಾಗಿ ಹಾರಿದ ಉಪಗ್ರಹದ ಕಕ್ಷೆಯು ಸಮಭಾಜಕ ವೃತ್ತಕ್ಕೆ ಆ ಸ್ಥಳದ ಅಕ್ಷಾಂಶಕ್ಕಿಂತ ಕಡಿಮೆ ಓರೆಯಾಗಿರಲಾರದು. ಶ್ರೀಹರಿಕೋಟೆಯಿಂದ ನೇರ ಪೂರ್ವಕ್ಕೆ ಹಾರಿದರೆ ಕಕ್ಷೆಯ ಓರೆ ೧೩.೭ ಡಿಗ್ರಿ, ಆಗ್ನೇಯಕ್ಕೆ ಹಾರಿದರೆ ಸುಮಾರು ೪೬ ಡಿಗ್ರಿ. ಇನ್ನೂ ದಕ್ಷಿಣಕ್ಕೆ ತಿರುಗಿ ಧ್ರುವೀಯ ಕಕ್ಷೆಯನ್ನು ಹಿಡಿಯೋಣವೆಂದರೆ ಎದುರಿಗೆ ಶ್ರೀಲಂಕೆಯಿದೆ. ಮುಂದಿನ ಚರಿತ್ರೆಯೆಲ್ಲವೂ ಈ ಮೂರು ಸಂಗತಿಗಳ ಒಡಲಿನಿಂದ ಹೊರಟುದು.

೩

ಮೊದಲ ಘಟ್ಟವನ್ನು ಆಗ್ನೇಯ ಮಾರ್ಗದ ಕೆಳಕಕ್ಷೆಗಳ ಕಾಲವೆನ್ನಬಹುದು. ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಯೋಜನಾ ನಿರ್ದೇಶಕರಾಗಿದ್ದ ಎಸ್‌ಎಲ್‌ವಿ-೩ರ ಪ್ರಥಮ ಪ್ರಯತ್ನವು ೧೯೭೯ರ ಆಗಸ್ಟ್ ೧೦ರಂದು ಎರಡನೆಯ ಹಂತದ ನಿಯಂತ್ರಣದ ದೋಷದಿಂದಾಗಿ ಸಮುದ್ರದ ಪಾಲಾಯಿತು. ೧೯೮೦ರ ಜುಲೈ ೧೮ರಂದು ಹಾರಿದ ಎರಡನೆಯ ವಾಹನವು ೩೫ ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ೩೦೫ರಿಂದ ೯೧೯ ಕಿಲೋಮೀಟರ್ ಎತ್ತರದ, ೪೪.೭ ಡಿಗ್ರಿ ಓರೆಯ ಕಕ್ಷೆಯಲ್ಲಿ ಇರಿಸಿತು. ತನ್ನನ್ನು ಹೊತ್ತು ತಂದ ವಾಹನದ ನಡತೆಯನ್ನು ವರದಿ ಮಾಡುವುದೇ ಅದರ ಮುಖ್ಯ ಕೆಲಸವಾಗಿತ್ತು. ಅಂದರೆ ಇಲ್ಲಿ ಕಕ್ಷೆಯನ್ನು ಸೇರುವುದೇ ಉದ್ದೇಶವಾಗಿದ್ದು, ಸ್ಥಳಕ್ಕೆ ಸುಲಭವಾದ ಕಕ್ಷೆಯೇ ಉಪಗ್ರಹದ ಕಕ್ಷೆಯಾಯಿತು. ೧೯೮೧ರ ಮೇ ೩೧ರಂದು ಹಾರಿದ ಮತ್ತೊಂದು ರೋಹಿಣಿಯು ಉದ್ದೇಶಿಸಿದುದಕ್ಕಿಂತ ಕೆಳಗೆ ನಿಂತು, ವಿರಳವಾದ ವಾಯುಮಂಡಲದ ಎಳೆತಕ್ಕೆ ಸಿಕ್ಕಿ, ಒಂಬತ್ತು ದಿನಗಳಲ್ಲಿ ನಾಶವಾಯಿತು. ೧೯೮೩ರ ಏಪ್ರಿಲ್ ೧೭ರಂದು ಹಾರಿದುದು ಒಂದು ಕ್ಯಾಮೆರಾವನ್ನು ಹೊತ್ತಿತ್ತು.

ಎಎಸ್‌ಎಲ್‌ವಿಯ ನಾಲ್ಕು ಉಡ್ಡಯನಗಳೂ ಈ ಘಟ್ಟಕ್ಕೇ ಸೇರುತ್ತವೆ. ೧೯೮೭ ಮತ್ತು ೧೯೮೮ರ ಎರಡು ವಿಫಲವಾದುವು. ೧೯೯೨ರ ಮೇ ೨೦ರಂದು ಹಾರಿದ ಸ್ರಾಸ್-ಸಿ ಎಂಬುದು ತಗ್ಗಿದ ಕಕ್ಷೆಯನ್ನು ಸೇರಿ ಸುಮಾರು ಎರಡು ತಿಂಗಳು ಮಾತ್ರ ಉಳಿಯಿತು. ೧೯೯೪ರ ಮೇ ೪ರಂದು ಹಾರಿದ ಸ್ರಾಸ್-ಸಿ೨ ಆದರೋ ೨೦೦೧ರವರೆಗೂ ಬಾಳಿತು. ಆಕಾಶದಲ್ಲಿ ಕ್ಷಣಮಾತ್ರ ಹೊಮ್ಮಿ ಅಡಗುವ ಗಾಮಾ ಕಿರಣಗಳ ಸ್ಫೋಟವನ್ನು ಗುರುತಿಸುವುದೂ, ತಾನು ಸಂಚರಿಸುತ್ತಿದ್ದ ಅಯಾನುಗೋಲದ ಕಣಗಳನ್ನು ಅಳೆಯುವುದೂ ಅದರ ಕಾರ್ಯವಾಗಿತ್ತು. ಈ ಎರಡನೆಯ ಕಾರ್ಯಕ್ಕೆ ಭಾರತದ ಅಕ್ಷಾಂಶಗಳ ಮೇಲೆ ಹಾಯುವ ೪೬ ಡಿಗ್ರಿಯ ಕೆಳಕಕ್ಷೆಯು ಸಹಜವಾಗಿಯೇ ಒದಗಿಬಂದಿತು.

೪

ಎರಡನೆಯ ಘಟ್ಟವೇ ಶ್ರೀಹರಿಕೋಟೆಯ ಚರಿತ್ರೆಯಲ್ಲಿ ಅತ್ಯಂತ ಮಹತ್ತ್ವದ್ದೆಂದು ನನ್ನ ಅಭಿಪ್ರಾಯ. ಏಕೆಂದರೆ ಸ್ಥಳವು ಒಲ್ಲೆನೆಂದ ಕಕ್ಷೆಯನ್ನು ಉದ್ದೇಶದ ಬಲದಿಂದ ಸಾಧಿಸಿದುದು ಇಲ್ಲಿ.

ಬೆಳೆ, ಅರಣ್ಯ, ಜಲಾಶಯ, ಬಂಜರು ನೆಲ ಇವುಗಳ ಸ್ಥಿತಿಯನ್ನು ಮೇಲಿನಿಂದ ಅರಿಯಬೇಕಾದರೆ ಒಂದೇ ಪ್ರದೇಶದ ಚಿತ್ರಗಳನ್ನು ಬೇರೆಬೇರೆ ದಿನಗಳಲ್ಲಿ ತೆಗೆದು ಹೋಲಿಸಬೇಕು. ಹೋಲಿಕೆ ಪ್ರಾಮಾಣಿಕವಾಗಬೇಕಾದರೆ ಚಿತ್ರಗಳೆಲ್ಲವೂ ದಿನದ ಒಂದೇ ಹೊತ್ತಿನ ಬೆಳಕಿನಲ್ಲಿ ತೆಗೆದವಾಗಿರಬೇಕು. ಇದನ್ನು ಸಾಧ್ಯವಾಗಿಸುವುದು ಸೂರ್ಯಸಮಕಾಲಿಕ ಕಕ್ಷೆ. ಭೂಮಿಯು ನಡುವಿನಲ್ಲಿ ತುಸು ಉಬ್ಬಿರುವುದರಿಂದ, ತಿರುಗುವ ಬುಗುರಿಯ ಅಕ್ಷವು ಮೆಲ್ಲನೆ ಸುತ್ತು ಬರುವಂತೆ, ಉಪಗ್ರಹದ ಕಕ್ಷಾತಲವೂ ಮೆಲ್ಲನೆ ತಿರುಗುತ್ತದೆ. ಕಕ್ಷೆಯ ಎತ್ತರವನ್ನು ಆರುನೂರರಿಂದ ಒಂಬೈನೂರು ಕಿಲೋಮೀಟರಿನ ಆಸುಪಾಸಿನಲ್ಲಿಟ್ಟು ಓರೆಯನ್ನು ೯೮–೯೯ ಡಿಗ್ರಿಗೆ ಹೊಂದಿಸಿದರೆ ಈ ತಿರುಗುವಿಕೆಯು ದಿನಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿಯಾಗಿ, ಸೂರ್ಯನ ಸುತ್ತ ಭೂಮಿಯ ವಾರ್ಷಿಕ ಚಲನೆಗೆ ಸರಿಸಮವಾಗುತ್ತದೆ. ಆಗ ಉಪಗ್ರಹವು ವರ್ಷವಿಡೀ ಪ್ರತಿಯೊಂದು ಸ್ಥಳವನ್ನೂ ಅಲ್ಲಿಯ ಸ್ಥಳೀಯ ಕಾಲಮಾನದ ಒಂದೇ ಗಳಿಗೆಯಲ್ಲಿ ಹಾಯುತ್ತದೆ.

ಆದರೆ ೯೮ ಡಿಗ್ರಿಯ ಕಕ್ಷೆಗೆ ಭೂಮಿಯ ಆವರ್ತನದಿಂದ ಸಹಾಯವಿಲ್ಲ; ಅದು ತುಸು ವಿರೋಧವೇ ಆಗುತ್ತದೆ. ಅದರ ಮೇಲೆ ಶ್ರೀಲಂಕೆಯ ಅಡ್ಡಿ. ಈ ಕಾರಣದಿಂದ ಪಿಎಸ್‌ಎಲ್‌ವಿಯು ಮೊದಲು ಆಗ್ನೇಯಕ್ಕೆ ಹಾರಿ, ನಡುದಾರಿಯಲ್ಲಿ ದಕ್ಷಿಣಕ್ಕೆ ಹೊರಳಿ, ದ್ವೀಪವನ್ನು ಬಳಸಿಕೊಂಡು ಹೋಗುವ ಕ್ರಮವನ್ನು ಅನುಸರಿಸಬೇಕಾಯಿತು. ಅತಿವೇಗದಲ್ಲಿ ಚಲಿಸುವ ವಾಹನದ ದಿಕ್ಕನ್ನು ಹೊರಳಿಸುವುದಕ್ಕೆ ಇಂಧನ ವ್ಯಯವಾಗುತ್ತದೆ. ವ್ಯಯವಾದ ಇಂಧನದಷ್ಟಕ್ಕೂ ಉಪಗ್ರಹದ ತೂಕವನ್ನು ಕುಗ್ಗಿಸಬೇಕಾಗುತ್ತದೆ. ಪಿಎಸ್‌ಎಲ್‌ವಿಯಂತಹ ವಾಹನವಿಲ್ಲದ ಕಾಲದಲ್ಲಿ, ಬೆಂಗಳೂರಿನಲ್ಲಿ ನಿರ್ಮಿತವಾದ ಐಆರ್‌ಎಸ್-೧ಎ ಮತ್ತು ೧ಬಿ ದೂರಸಂವೇದಿ ಉಪಗ್ರಹಗಳನ್ನು ೧೯೮೮ ಮತ್ತು ೧೯೯೧ರಲ್ಲಿ ಬೈಕನೂರಿನಿಂದ ಸೋವಿಯತ್ ವಾಹನಗಳ ಮೂಲಕ ಕಳುಹಿಸಬೇಕಾಗಿತ್ತು. ೧೯೯೩ರ ಸೆಪ್ಟೆಂಬರ್ ೨೦ರಂದು ಪಿಎಸ್‌ಎಲ್‌ವಿಯ ಮೊದಲ ಪ್ರಯತ್ನ ಸೋತಿತು. ೧೯೯೪ರ ಅಕ್ಟೋಬರ್ ೧೫ರಂದು ೮೦೪ ಕಿಲೋಗ್ರಾಂ ತೂಕದ ಐಆರ್‌ಎಸ್-ಪಿ೨ ಉಪಗ್ರಹವು ಸೂರ್ಯಸಮಕಾಲಿಕ ಕಕ್ಷೆಯನ್ನು ಸೇರಿತು. ಅಂದಿನಿಂದ ಶ್ರೀಹರಿಕೋಟೆಯು ದೇಶದ ಕೃಷಿ ಮತ್ತು ಜಲಸಂಪತ್ತಿನ ನಿತ್ಯವ್ಯವಹಾರಕ್ಕೆ ಸಂಬಂಧಿಸಿದ ಕೇಂದ್ರವಾಯಿತೆಂದರೆ ಅತಿಶಯೋಕ್ತಿಯಾಗದು.

ಒಂದೇ ಜಾತಿಯ ಕಕ್ಷೆಯೊಳಗೂ ಉದ್ದೇಶಕ್ಕೆ ತಕ್ಕಂತೆ ಹೊತ್ತಿನ ಆಯ್ಕೆ ಹೇಗೆ ಬದಲಾಯಿತೆಂಬುದನ್ನು ಇಲ್ಲಿ ಸಮೀಪದಿಂದ ನೋಡುವುದು ಉಚಿತ. ನೆಲವನ್ನು ನೋಡುವ ರಿಸೋರ್ಸ್‌ಸ್ಯಾಟ್-೧ (೨೦೦೩) ಬೆಳಗಿನ ಹತ್ತೂವರೆ ಗಂಟೆಯ ಸುಮಾರಿಗೆ ಹಾಯುತ್ತಿತ್ತು. ಆ ಹೊತ್ತಿಗೆ ಬೆಳಕು ಸಾಕಷ್ಟಿದ್ದು, ಮಧ್ಯಾಹ್ನದ ಮೋಡಗಳಿನ್ನೂ ಕವಿದಿರುವುದಿಲ್ಲ. ೧೯೯೯ರ ಮೇ ೨೬ರಂದು ಹಾರಿದ ಓಷನ್‌ಸ್ಯಾಟ್-೧ ಸಮುದ್ರದ ಬಣ್ಣವನ್ನು ಅಳೆದು, ಮೀನುಗಳಿಗೆ ಆಹಾರಮೂಲವಾದ ಸೂಕ್ಷ್ಮಸಸ್ಯಗಳ ನೆಲೆಯನ್ನು ಸೂಚಿಸಬೇಕಾಗಿತ್ತು. ನೀರು ಅತ್ಯಲ್ಪ ಬೆಳಕನ್ನು ಹಿಂದಿರುಗಿಸುವುದರಿಂದ ಸೂರ್ಯನು ನೆತ್ತಿಯ ಬಳಿಯಿರುವ ನಡುಹಗಲನ್ನೇ ಅದಕ್ಕೆ ಗೊತ್ತುಮಾಡಿ, ೭೨೦ ಕಿಲೋಮೀಟರ್ ಎತ್ತರದಲ್ಲಿ ಇರಿಸಲಾಯಿತು. ೨೦೧೨ರ ಏಪ್ರಿಲ್ ೨೬ರಂದು ಹಾರಿದ ರಿಸ್ಯಾಟ್-೧ ತನ್ನದೇ ರೇಡಾರ್ ಅಲೆಗಳಿಂದ ಮೋಡದಾಚೆಯನ್ನೂ ಇರುಳನ್ನೂ ಭೇದಿಸಿ ನೋಡುವಂತಹುದಾದುದರಿಂದ ಸೂರ್ಯನ ಬೆಳಕು ಚಿತ್ರಕ್ಕೆ ಬೇಕಿರಲಿಲ್ಲ. ಆದರೆ ರೇಡಾರಿಗೆ ಹೇರಳ ವಿದ್ಯುತ್ತು ಬೇಕಾಗಿತ್ತು. ಆದುದರಿಂದ ಸೌರಫಲಕಗಳ ಮೇಲೆ ನಿರಂತರವಾಗಿ ಬಿಸಿಲು ಬೀಳುವಂತೆ, ಬೆಳಗಿನ ಮತ್ತು ಸಂಜೆಯ ಆರು ಗಂಟೆಯ ಸಂಧಿಕಾಲದ ಕಕ್ಷೆಯನ್ನು ಅದಕ್ಕೆ ಆರಿಸಲಾಯಿತು. ಮೂರೂ ಒಂದೇ ಬಗೆಯ ವಾಹನದಲ್ಲಿ ಏರಿದುವು. ಅವುಗಳ ಭೇದವನ್ನು ತಿಳಿಸುವುದು ಕಕ್ಷೆಯ ಗಳಿಗೆಯೊಂದೇ.

೫

ಮೂರನೆಯದು ಭೂಸ್ಥಿರ ಕಕ್ಷೆಯ ಘಟ್ಟ. ಸಮಭಾಜಕದ ಮೇಲೆ ೩೫,೭೮೬ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯೊಡನೆ ಸಮನಾಗಿ ತಿರುಗುವುದರಿಂದ ಆಕಾಶದಲ್ಲಿ ನಿಶ್ಚಲವಾಗಿ ತೋರುತ್ತದೆ. ದೂರದರ್ಶನ, ದೂರವಾಣಿ, ಹವಾಮಾನ ವೀಕ್ಷಣೆಗಳಿಗೆ ಇದು ಅನಿವಾರ್ಯ. ವಾಹನವು ಉಪಗ್ರಹವನ್ನು ಒಂದು ತುದಿ ೧೮೦ ಕಿಲೋಮೀಟರಿನಲ್ಲಿಯೂ ಇನ್ನೊಂದು ತುದಿ ೩೬,೦೦೦ ಕಿಲೋಮೀಟರಿನ ಆಸುಪಾಸಿನಲ್ಲಿಯೂ ಇರುವ ದೀರ್ಘವೃತ್ತದಲ್ಲಿ ಬಿಟ್ಟು ನಿವೃತ್ತವಾಗುತ್ತದೆ. ಆಮೇಲೆ, ೧೯೮೨ರಿಂದ ಕೆಲಸಮಾಡುತ್ತಿರುವ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದ ಆಜ್ಞೆಯಂತೆ ಉಪಗ್ರಹವು ತನ್ನ ಎಂಜಿನ್ನನ್ನು ಉರಿಸಿ ಕಕ್ಷೆಯನ್ನು ದುಂಡಗಾಗಿಸಿಕೊಳ್ಳುವುದಲ್ಲದೆ ಓರೆಯನ್ನೂ ನೇರ್ಪಡಿಸಿಕೊಳ್ಳಬೇಕು. ಐದು ಡಿಗ್ರಿ ಅಕ್ಷಾಂಶದ ಫ್ರೆಂಚ್ ಗಯಾನಾದ ಕುರು ಕೇಂದ್ರಕ್ಕೆ ಹೋಲಿಸಿದರೆ ಶ್ರೀಹರಿಕೋಟೆಯಿಂದ ಹೋದುದಕ್ಕೆ ಈ ತಿದ್ದುಪಡಿ ಹೆಚ್ಚು.

೨೦೦೧ರ ಏಪ್ರಿಲ್ ೧೮ರಂದು ಜಿಎಸ್‌ಎಲ್‌ವಿಯು ಹೊತ್ತೊಯ್ದ ಜಿಸ್ಯಾಟ್-೧ಕ್ಕೆ ವೇಗದಲ್ಲಿ ತುಸು ಕೊರತೆಯುಂಟಾಗಿ, ಅದನ್ನು ತುಂಬುವುದರಲ್ಲಿ ಉಪಗ್ರಹದ ಇಂಧನ ತೀರಿ, ಸ್ಥಿರವಾದ ನೆಲೆ ದೊರೆಯದೆ ಹೋಯಿತು. ೨೦೦೪ರ ಸೆಪ್ಟೆಂಬರ್ ೨೦ರಂದು ಹಾರಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹವಾಗಿತ್ತು. ಜಿಎಸ್‌ಎಲ್‌ವಿಯ ಸ್ವದೇಶಿ ಕ್ರಯೋಜೆನಿಕ್ ಎಂಜಿನ್ನು ೨೦೧೦ರ ಸೋಲಿನ ಬಳಿಕ ೨೦೧೪ರ ಜನವರಿ ೫ರಂದು ಗೆದ್ದಿತು. ೨೦೧೭ರ ಜೂನ್ ೫ರಂದು ಇನ್ನೂ ಬಲಿಷ್ಠವಾದ ವಾಹನವು ೩,೧೩೬ ಕಿಲೋಗ್ರಾಂ ತೂಕದ ಜಿಸ್ಯಾಟ್-೧೯ನ್ನು ಕೊಂಡೊಯ್ದಿತು.

೬

ಈ ಮೂರರ ಅನಂತರ ಬಂದುದು ಉದ್ದೇಶವೇ ಕಕ್ಷೆಯನ್ನು ರಚಿಸುವ ಪ್ರೌಢಾವಸ್ಥೆ. ಇದಕ್ಕೆ ಎರಡು ನಿದರ್ಶನಗಳು ಸಾಕು. ೨೦೧೩ರಿಂದ ಹಾರಿಸಲಾದ ನಾವಿಕ್ ಪಥದರ್ಶಕ ಉಪಗ್ರಹಗಳ ವ್ಯೂಹದಲ್ಲಿ ಕೆಲವನ್ನು ಭೂಸ್ಥಿರವಾಗಿಟ್ಟು, ಉಳಿದವನ್ನು ಅದೇ ಎತ್ತರದಲ್ಲಿ ೨೯ ಡಿಗ್ರಿ ಓರೆಯಾಗಿ ಇರಿಸಲಾಯಿತು. ಎಲ್ಲವೂ ಸಮಭಾಜಕದ ಮೇಲೆಯೇ ಸಾಲುಗಟ್ಟಿದ್ದರೆ ನೆಲದ ಮೇಲಿನವನ ಸ್ಥಾನವನ್ನು ಉತ್ತರ–ದಕ್ಷಿಣ ದಿಕ್ಕಿನಲ್ಲಿ ನಿಷ್ಕರ್ಷಿಸುವುದು ದುಸ್ಸಾಧ್ಯವಾಗುತ್ತಿತ್ತು; ಓರೆಯಾದವುಗಳು ಆಕಾಶದಲ್ಲಿ ಎಂಟರ ಅಂಕಿಯನ್ನು ಬರೆಯುತ್ತ ಆ ಕೊರತೆಯನ್ನು ನೀಗಿಸುತ್ತವೆ. ಎರಡನೆಯದು, ೨೦೧೫ರ ಸೆಪ್ಟೆಂಬರ್ ೨೮ರಂದು ಹಾರಿದ ಖಗೋಳ ವೀಕ್ಷಣಾಲಯ ಆಸ್ಟ್ರೋಸ್ಯಾಟ್. ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ವಿದ್ಯುದಾವಿಷ್ಟ ಕಣಗಳು ದಟ್ಟೈಸಿರುವ ಪ್ರದೇಶವು ಎಕ್ಸ್-ಕಿರಣ ಗ್ರಾಹಕಗಳನ್ನು ಕುರುಡಾಗಿಸುತ್ತದೆ. ಅದರ ಬಾಧೆ ಕಡಿಮೆಯಾಗಲೆಂದು ಈ ಉಪಗ್ರಹವನ್ನು ೬೫೦ ಕಿಲೋಮೀಟರ್ ಎತ್ತರದಲ್ಲಿ ಕೇವಲ ಆರು ಡಿಗ್ರಿ ಓರೆಯ ಕಕ್ಷೆಯಲ್ಲಿ ಇರಿಸಲಾಯಿತು. ಸ್ಥಳದ ಅಕ್ಷಾಂಶಕ್ಕಿಂತಲೂ ಕಡಿಮೆಯಾದ ಈ ಓರೆಯು ನೇರ ಉಡ್ಡಯನಕ್ಕೆ ಲಭ್ಯವಲ್ಲದುದರಿಂದ ವಾಹನವು ಹಾರುತ್ತಲೇ ತನ್ನ ಪಥದ ತಲವನ್ನು ತಿರುಗಿಸಿಕೊಳ್ಳಬೇಕಾಯಿತು. ಚಂದ್ರಯಾನ, ಮಂಗಳಯಾನ, ಆದಿತ್ಯಗಳು ಭೂಕಕ್ಷೆಯ ಮೇರೆಯನ್ನೇ ದಾಟಿದುವು. ಅವುಗಳ ವಿವೇಚನೆ ಪ್ರತ್ಯೇಕ ಲೇಖನಕ್ಕೆ ಯೋಗ್ಯವಾದುದು.

೭

ಮೇಲಿನ ಸಮೀಕ್ಷೆಯಿಂದ ಸಿದ್ಧವಾಗುವುದಿಷ್ಟು: ಮೊದಲು ಸ್ಥಳವು ಕೊಟ್ಟ ಕಕ್ಷೆಯನ್ನು ಸ್ವೀಕರಿಸಿದರು, ಬಳಿಕ ಸ್ಥಳವು ತಡೆದ ಕಕ್ಷೆಯನ್ನು ಬಳಸುದಾರಿಯಿಂದ ಸಾಧಿಸಿದರು, ಕಡೆಗೆ ಉದ್ದೇಶಕ್ಕೆ ತಕ್ಕ ಕಕ್ಷೆಯನ್ನು ತಾವೇ ಕಲ್ಪಿಸಿಕೊಂಡರು. ಈ ನಿರ್ಣಯಕ್ಕೆ ತಮಿಳುನಾಡಿನ ಕುಲಶೇಖರಪಟ್ಟಣದ ಹೊಸ ಉಡ್ಡಯನ ಕೇಂದ್ರವು ಪ್ರಬಲ ಸಾಕ್ಷಿ. ಸಣ್ಣ ವಾಹನಕ್ಕೆ ಬಳಸುದಾರಿಯ ನಷ್ಟವು ಪ್ರಮಾಣದಲ್ಲಿ ಬಹು ದೊಡ್ಡದಾಗುವುದರಿಂದ, ಶ್ರೀಲಂಕೆಯ ಅಡ್ಡಿಯಿಲ್ಲದೆ ನೇರವಾಗಿ ದಕ್ಷಿಣಕ್ಕೆ ಹಾರಬಲ್ಲ ಆ ಸ್ಥಳವನ್ನು ಆರಿಸಿ, ೨೦೨೪ರ ಫೆಬ್ರವರಿ ೨೮ರಂದು ಶಂಕುಸ್ಥಾಪನೆ ಮಾಡಲಾಯಿತು. ಬೆಂಗಳೂರಿನಲ್ಲಿ ಕಟ್ಟಲ್ಪಟ್ಟು ಬೆಂಗಳೂರು ಹಾಸನಗಳಿಂದ ಆಳಲ್ಪಡುವ ಈ ಉಪಗ್ರಹಗಳ ವಿಷಯವನ್ನು ಕನ್ನಡದಲ್ಲಿ ಬರೆಯುವವರು ವಾಹನದ ಎತ್ತರ ತೂಕಗಳಿಗಷ್ಟೇ ತೃಪ್ತರಾಗದೆ, ಪ್ರತಿಯೊಂದು ಉಪಗ್ರಹದ ಕಕ್ಷೆಯನ್ನೂ ಆ ಕಕ್ಷೆಯನ್ನು ಆರಿಸಿದ ಕಾರಣವನ್ನೂ ತಪ್ಪದೆ ದಾಖಲಿಸಬೇಕೆಂದು ನನ್ನ ವಿನಂತಿ.