ಹೆಬ್ಬಾತಿನ ಶ್ವಾಸನಾಳ ಯಾವ ಕುದುರೆಯದು? ಸ್ಟೀಫನ್ ಹೇಲ್ಸನ ಮೂರನೇ ಪ್ರಯೋಗದ ಮರುಪರಿಶೀಲನೆ

ಗಾಜಿನ ನಳಿಕೆಯಲ್ಲಿ ರಕ್ತ ಏರುವ ಎತ್ತರದಿಂದ ಕುದುರೆಗಳ ರಕ್ತದೊತ್ತಡ ಅಳೆದ ಸ್ಟೀಫನ್ ಹೇಲ್ಸನ ಮೊದಲ ಕುದುರೆಗೇ ಹೆಬ್ಬಾತಿನ ಶ್ವಾಸನಾಳವನ್ನು ಕಟ್ಟಿಬಿಡುವುದು ರಕ್ತದೊತ್ತಡದ ಚರಿತ್ರೆ ಬರೆಯುವ ಹಲವರ ವಾಡಿಕೆ. ಅವನ 1733ರ ಗ್ರಂಥ ‘ಹೀಮಾಸ್ಟ್ಯಾಟಿಕ್ಸ್’ ಅನ್ನು ತೆರೆದು ನೋಡಿದವರಿಗೆ ಈ ತಪ್ಪು ಆಗುವಂತಿಲ್ಲ. ಮೊದಲ ಪ್ರಯೋಗದಲ್ಲಿ ತೊಡೆಯ ಅಪಧಮನಿಯಿಂದ ಗಾಜಿನ ನಳಿಕೆಯವರೆಗೆ ಇದ್ದದ್ದು ಹಿತ್ತಾಳೆ ಕೊಳವೆಗಳು ಮಾತ್ರ. ನಳಿಕೆಯ ಉದ್ದ 9 ಅಡಿ, ಅದರಲ್ಲಿ ರಕ್ತ ಏರಿದ್ದು 8 ಅಡಿ 3 ಅಂಗುಲ. ಹೆಬ್ಬಾತು ಬರುವುದು ಮೂರನೇ ಪ್ರಯೋಗದಲ್ಲಿ. ಅಲ್ಲಿ ಕುದುರೆ ಬೇರೆ, ಅಪಧಮನಿ ಕತ್ತಿನದು, ನಳಿಕೆ 12 ಅಡಿ 9 ಅಂಗುಲದ್ದು, ರಕ್ತ ಏರಿದ ಎತ್ತರ 9 ಅಡಿ 6 ಅಂಗುಲ. ಎರಡನ್ನೂ ಬೆರೆಸಿದರೆ ನಷ್ಟವೇನು ಎಂದು ಕೇಳಬಹುದು. ಬಿಗಿ ಕೊಳವೆಯಿಂದ ಬಳುಕುವ ಕೊಳವೆಗೆ ಹೇಲ್ಸ್ ಯಾಕೆ ಬದಲಾದ ಎಂಬ ಪ್ರಶ್ನೆಯೇ ಮಾಯವಾಗುತ್ತದೆ, ಅದೇ ನಷ್ಟ.

ಕಾರಣವನ್ನು ಅವನೇ ಹೇಳಿದ್ದಾನೆ: ಕುದುರೆ ಒದ್ದಾಡಿದಾಗ ಆಗುವ ತೊಂದರೆಯನ್ನು ಶ್ವಾಸನಾಳದ ಬಳುಕು ತಪ್ಪಿಸಬೇಕಿತ್ತು. ಅಂದರೆ ಪ್ರಾಣಿಯ ಚಲನೆ ಗಾಜಿಗೆ ತಲುಪಬಾರದು, ಅಷ್ಟೇ. ಇಷ್ಟನ್ನು ಹಿಡಿದು ಅವನನ್ನು ಇಂದಿನ ಮೆದು ಕೊಳವೆಗಳ ಮೂಲಪುರುಷನನ್ನಾಗಿ ಮಾಡುವುದು ಅತ್ಯುತ್ಸಾಹ. (ಮೂಲಪುರುಷರಿಲ್ಲದೆ ಕೆಲವರ ಚರಿತ್ರೆ ಮುಂದೆ ಸಾಗುವುದೇ ಇಲ್ಲ.) ಅಪಧಮನಿಯ ಒತ್ತಡ ಅಳೆಯಲು ಇಂದು ಐಸಿಯುಗಳಲ್ಲಿ ಬಳಸುವ ಲೈನ್ ಗಿಡ್ಡವಾಗಿಯೂ ಗೋಡೆ ಬಿಗಿಯಾಗಿಯೂ ಇರಬೇಕು. ಗೋಡೆ ಮೆದುವಾದರೆ ಪ್ರತಿ ಬಡಿತಕ್ಕೂ ಅದು ಉಬ್ಬಿ ಅಲೆಯನ್ನು ತಗ್ಗಿಸುತ್ತದೆ. ಸಿಸ್ಟೋಲಿಕ್ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ.

ಇದೇ ತರ್ಕವನ್ನು ತಿರುಗಿಸಿ, ಹಾಗಿದ್ದರೆ ಮೂರನೇ ಪ್ರಯೋಗದ ಅಳತೆಯನ್ನೇ ನಂಬುವಂತಿಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪ ಗಟ್ಟಿಯಾಗಿ ಕಂಡರೂ ಹೆಬ್ಬಾತಿನ ಅಂಗರಚನೆಯನ್ನು ಅದು ಮರೆತಿದೆ. ಸಸ್ತನಿಗಳ ಶ್ವಾಸನಾಳದಲ್ಲಿ ಮೃದ್ವಸ್ಥಿಯ ಉಂಗುರಗಳು ಹಿಂಬದಿಯಲ್ಲಿ ತೆರೆದಿರುತ್ತವೆ. ಹಕ್ಕಿಗಳಲ್ಲಿ ಅವು ಪೂರ್ಣ ವೃತ್ತಗಳು. ಹಾಗಾಗಿ ಹೆಬ್ಬಾತಿನ ನಾಳ ಸುಲಭವಾಗಿ ಬಾಗುತ್ತದೆ, ಆದರೆ ಸುಲಭವಾಗಿ ಅಗಲವಾಗುವುದಿಲ್ಲ. ಒಳಗೆ ತಂತಿಸುರುಳಿ ಇರುವ ಪಂಪಿನ ಪೈಪು ವರ್ತಿಸುವುದೂ ಹೀಗೆಯೇ. ಬಾಗುವುದನ್ನೂ ಹಿಗ್ಗುವುದನ್ನೂ ಒಂದೇ ಗುಣವೆಂದು ಎಣಿಸಿದ್ದೇ ಆಕ್ಷೇಪದ ದೋಷ. ಉಂಗುರಗಳ ನಡುವಿನ ಪೊರೆ ಉದ್ದಕ್ಕೆ ಸ್ವಲ್ಪ ಜಗ್ಗುತ್ತದೆಂಬುದನ್ನು ಒಪ್ಪುತ್ತೇನೆ; ಆ ಜಗ್ಗಾಟ ಬಡಿತದ ಏರಿಳಿತವನ್ನು ಒಂದಿಷ್ಟು ತಿಂದಿರಲೂಬಹುದು. ಆದರೆ ಉದ್ದನೆಯ ರಕ್ತಸ್ತಂಭವೇ ತನ್ನ ಭಾರದಿಂದ ಆ ಏರಿಳಿತವನ್ನು ಅದಾಗಲೇ ತಗ್ಗಿಸಿರುತ್ತದೆ. ನಳಿಕೆಯಲ್ಲಿ ಕೊನೆಗೆ ನಿಲ್ಲುವುದು ಸರಿಸುಮಾರು ಸರಾಸರಿ ಒತ್ತಡ, ಗೋಡೆಯ ಮೆದುತನ ಸರಾಸರಿಯನ್ನು ಕೆಡಿಸುವುದಿಲ್ಲ. ಆದ್ದರಿಂದ 9 ಅಡಿ 6 ಅಂಗುಲದ ಮೇಲೆ ಸಂದೇಹ ಪಡುವುದಿದ್ದರೆ ಹೆಬ್ಬಾತನ್ನು ಬಿಟ್ಟು, ಕಟ್ಟಿಹಾಕಿದ ಕುದುರೆಯ ನೋವು, ಭಯಗಳ ಕಡೆಗೆ ತಿರುಗಬೇಕು. ಪಾದರಸದ ಲೆಕ್ಕದಲ್ಲಿ ಅದು 220 ಮಿಲಿಮೀಟರ್ ದಾಟುತ್ತದೆ. ಅದನ್ನು ವಿಶ್ರಾಂತ ಕುದುರೆಯ ಒತ್ತಡವೆಂದು ಓದುವಂತಿಲ್ಲ.